ಜೈಲಿನ ಹೊರಗಿನ ಶಿಕ್ಷೆ: ಯಾರಿಗೆ, ಯಾರ ಕಣ್ಗಾವಲಿನಲ್ಲಿ?

2025ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಸಂಸತ್ತಿನಲ್ಲಿ ಒಂದು ಮಸೂದೆ ಮಂಡನೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಒಂದು ವರ್ಷ ಅಥವಾ ಅದಕ್ಕಿಂತ ಕಡಿಮೆ ಅವಧಿಯ ಸೆರೆವಾಸಕ್ಕೆ ಗುರಿಯಾಗುವವರ ಶಿಕ್ಷೆಯನ್ನು, ಅಸಾಧಾರಣ ಸಂದರ್ಭಗಳನ್ನು ಬಿಟ್ಟು, ಅಮಾನತಿನಲ್ಲಿಡಬೇಕು ಎಂಬುದು ಅದರ ಮುಖ್ಯ ಅಂಶ. ಸ್ಕಾಟ್ಲೆಂಡ್ 2019ರಲ್ಲೇ ಒಂದು ವರ್ಷದೊಳಗಿನ ಜೈಲು ಶಿಕ್ಷೆಯನ್ನು ಆದಷ್ಟೂ ತಪ್ಪಿಸಬೇಕೆಂಬ ನಿಯಮ ತಂದಿತ್ತು. ಭಾರತದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ಸಮುದಾಯ ಸೇವೆಯನ್ನು ಶಿಕ್ಷೆಗಳ ಪಟ್ಟಿಗೆ ಸೇರಿಸಿತು.

ಇಂಥ ಸುದ್ದಿಗಳನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ತಪ್ಪು ಮಾಡಿದವರನ್ನು ಬಿಟ್ಟುಬಿಡುತ್ತಿದ್ದಾರೆಯೇ? ಜೈಲಿನಲ್ಲಿ ಜಾಗವಿಲ್ಲವೆಂದು ಶಿಕ್ಷೆಯನ್ನೇ ಕೈಬಿಡುತ್ತಿದ್ದಾರೆಯೇ? ಜೈಲಿಗೆ ಹೋಗಿ ಬಂದವರು ಮತ್ತೆ ಮತ್ತೆ ಅಪರಾಧ ಮಾಡುತ್ತಾರೆ ಎನ್ನುವುದು ನಿಜವಾದರೆ, ಹೊರಗೇ ಇದ್ದವರು ಮಾಡುವುದಿಲ್ಲ ಎನ್ನುವುದಕ್ಕೆ ಖಾತರಿ ಏನು?

ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವುಗಳಿಗೆ ಉತ್ತರ ಶಿಕ್ಷೆಯ ಹೆಸರಿನಲ್ಲಿ ಸಿಗುವುದಿಲ್ಲ. ಜೈಲಿಗೆ ಹೋಗಬೇಕಿದ್ದವನೇ ಈ ಶಿಕ್ಷೆಗೆ ಒಳಗಾಗುತ್ತಿದ್ದಾನೆಯೇ, ಅವನ ಮೇಲೆ ಎಷ್ಟು ಷರತ್ತು ಹೇರಲಾಗಿದೆ, ಷರತ್ತು ತಪ್ಪಿದ ದಿನ ಏನಾಗುತ್ತದೆ, ಅವನನ್ನು ನೋಡಿಕೊಳ್ಳುವ ಅಧಿಕಾರಿಗೆ ಸಮಯವಿದೆಯೇ ಎಂಬ ವಿವರಗಳಲ್ಲಿ ಅದು ಅಡಗಿದೆ.

ಸುದ್ದಿಯಲ್ಲಿ ಕಲಸಿಹೋಗುವ ಸಂಗತಿಗಳು

ಮೊದಲಿಗೆ ಒಂದಷ್ಟು ಸಂಗತಿಗಳನ್ನು ಬಿಡಿಸಿಟ್ಟುಕೊಳ್ಳಬೇಕು. ಜಾಮೀನು ವಿಚಾರಣೆ ಮುಗಿಯುವ ಮುನ್ನದ ಬಿಡುಗಡೆ. ಅಲ್ಲಿ ಅಪರಾಧ ಇನ್ನೂ ಸಾಬೀತಾಗಿರುವುದಿಲ್ಲ, ಹಾಗಾಗಿ ಅದು ಶಿಕ್ಷೆಯೇ ಅಲ್ಲ. ಪೆರೋಲ್ ಎಂದರೆ ಸಾಮಾನ್ಯವಾಗಿ ಜೈಲಿನಲ್ಲಿ ಒಂದಷ್ಟು ಕಾಲ ಕಳೆದವನನ್ನು ಷರತ್ತಿನ ಮೇಲೆ ಹೊರಗೆ ಬಿಡುವುದು. ಪ್ರೊಬೇಷನ್ ಅಥವಾ ಪರಿವೀಕ್ಷಣೆಯಲ್ಲಿ ಅಪರಾಧ ಸಾಬೀತಾಗಿದ್ದರೂ ಜೈಲಿಗೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಅಧಿಕಾರಿಯೊಬ್ಬರ ನಿಗಾದಲ್ಲಿ ಇರಿಸಲಾಗುತ್ತದೆ. ಅಮಾನತಿನ ಶಿಕ್ಷೆಯಲ್ಲಿ ಜೈಲಿನ ಅವಧಿ ನಿಗದಿಯಾಗಿರುತ್ತದೆ, ಆದರೆ ಷರತ್ತು ಪಾಲಿಸುತ್ತಿರುವಷ್ಟು ಕಾಲ ಅದು ಜಾರಿಯಾಗುವುದಿಲ್ಲ. ಸಮುದಾಯ ಸೇವೆಯಲ್ಲಿ ಸಾರ್ವಜನಿಕರಿಗೆ ಉಪಯೋಗವಾಗುವ ಕೆಲಸವನ್ನು ಸಂಬಳವಿಲ್ಲದೆ ಮಾಡಬೇಕು.

2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಕಾರು ಹರಿಸಿ ಇಬ್ಬರ ಸಾವಿಗೆ ಕಾರಣನಾದ ಆರೋಪ ಹೊತ್ತ ಅಪ್ರಾಪ್ತನಿಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದಾಗ ಎದ್ದ ಆಕ್ರೋಶ ನೆನಪಿರಬಹುದು. ಅನೇಕರು ಅದನ್ನು ಶಿಕ್ಷೆ ಎಂದೇ ತಿಳಿದರು. ವಾಸ್ತವದಲ್ಲಿ ಅದು ಬಾಲನ್ಯಾಯ ಮಂಡಳಿ ಜಾಮೀನಿಗೆ ವಿಧಿಸಿದ್ದ ಷರತ್ತು. ಆ ಆಕ್ರೋಶಕ್ಕೆ ಕಾರಣವಿತ್ತು. ಆದರೆ ಅದೇ ಸಿಟ್ಟಿನಲ್ಲಿ ವಯಸ್ಕ ಅಪರಾಧಿಗಳ ಪರಿವೀಕ್ಷಣೆಯನ್ನೂ ತಳ್ಳಿಹಾಕಿದರೆ ಎರಡು ಬೇರೆ ವ್ಯವಸ್ಥೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದಂತಾಗುತ್ತದೆ.

ಒಬ್ಬ ಚಪ್ಪಲಿ ಹೊಲಿಯುವವನಿಂದ ಆರಂಭ

ಪರಿವೀಕ್ಷಣೆಯ ಪದ್ಧತಿಯ ಮೂಲವನ್ನು ಸಾಮಾನ್ಯವಾಗಿ ಅಮೆರಿಕದ ಬಾಸ್ಟನ್ ನಗರದಲ್ಲಿ ಗುರುತಿಸಲಾಗುತ್ತದೆ. 1841ರಲ್ಲಿ ಜಾನ್ ಆಗಸ್ಟಸ್ ಎಂಬ ಪಾದರಕ್ಷೆ ತಯಾರಕ, ಕುಡಿತದ ಆರೋಪದ ಮೇಲೆ ನ್ಯಾಯಾಲಯಕ್ಕೆ ಬಂದಿದ್ದ ವ್ಯಕ್ತಿಯೊಬ್ಬನಿಗೆ ಜಾಮೀನು ನಿಂತ. ಕುಡಿಯುವುದಿಲ್ಲ ಎಂದು ಪ್ರತಿಜ್ಞೆ ಮಾಡಿಸಿದ. ಮೂರು ವಾರಗಳ ನಂತರ ಆ ವ್ಯಕ್ತಿ ಮತ್ತೆ ನ್ಯಾಯಾಧೀಶರ ಮುಂದೆ ನಿಂತಾಗ ಗುರುತು ಸಿಗದಷ್ಟು ಬದಲಾಗಿದ್ದ. ಅವನಿಗೆ ವಿಧಿಸಿದ ದಂಡ, ನ್ಯಾಯಾಲಯದ ಖರ್ಚು ಬಿಟ್ಟರೆ, ಒಂದು ಸೆಂಟ್. 1858ರ ವೇಳೆಗೆ ಆಗಸ್ಟಸ್ ಹೀಗೆ ಜಾಮೀನು ನಿಂತವರ ಸಂಖ್ಯೆ 1,946. ಅವನು ಕೈಗೆ ಸಿಕ್ಕವರಿಗೆಲ್ಲ ಜಾಮೀನು ನಿಲ್ಲುತ್ತಿರಲಿಲ್ಲ. ವ್ಯಕ್ತಿಯ ಹಿನ್ನೆಲೆ ವಿಚಾರಿಸುತ್ತಿದ್ದ, ಕೆಲಸ ಹುಡುಕಿಕೊಡುತ್ತಿದ್ದ, ನ್ಯಾಯಾಲಯಕ್ಕೆ ವರದಿ ಒಪ್ಪಿಸುತ್ತಿದ್ದ. ಇಂದಿನ ಪರಿವೀಕ್ಷಣಾಧಿಕಾರಿಯ ಕೆಲಸವೂ ಹೆಚ್ಚುಕಡಿಮೆ ಇದೇ.

ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಸಂಬಳದ ಅಧಿಕಾರಿಯ ನೇಮಕಕ್ಕೆ ಕಾನೂನು ಮಾಡಿತು. ಇಂಗ್ಲೆಂಡಿನ 1907ರ ಕಾಯ್ದೆ ಅಧಿಕಾರಿಯ ಕರ್ತವ್ಯವನ್ನು ಸಲಹೆ ನೀಡುವುದು, ನೆರವಾಗುವುದು, ಸ್ನೇಹಿತನಾಗಿರುವುದು ಎಂದು ಹೇಳಿತು. ವಿಶ್ವಸಂಸ್ಥೆ 1990ರಲ್ಲಿ ಅಂಗೀಕರಿಸಿದ ಟೋಕಿಯೊ ನಿಯಮಗಳು, ಸೆರೆವಾಸವಲ್ಲದ ಶಿಕ್ಷೆಗಳಿಗೆ ಕನಿಷ್ಠ ಮಾನದಂಡಗಳನ್ನು ಹಾಕಿಕೊಟ್ಟವು.

ಪರವಾಗಿರುವವರ ವಾದ

ಸರ್ಕಾರಗಳು ಈಗ ಇತ್ತ ತಿರುಗಲು ತಕ್ಷಣದ ಕಾರಣ ತುಂಬಿ ತುಳುಕುವ ಜೈಲುಗಳು. ಇಂಗ್ಲೆಂಡಿನಲ್ಲಿ 2024ರ ಸೆಪ್ಟೆಂಬರ್‌ನಲ್ಲಿ ಅನೇಕ ಕೈದಿಗಳನ್ನು ಶಿಕ್ಷೆಯ ಶೇ 40ರಷ್ಟು ಮುಗಿಯುತ್ತಿದ್ದಂತೆ ಬಿಡುಗಡೆ ಮಾಡಬೇಕಾಯಿತು. ಭಾರತದ ಜೈಲುಗಳಲ್ಲಿ 2022ರ ಅಂತ್ಯಕ್ಕೆ 100 ಮಂದಿಯ ಜಾಗದಲ್ಲಿ 131 ಮಂದಿ ಇದ್ದರು.

ಆದರೆ ಜಾಗದ ಕೊರತೆಯೊಂದೇ ಕಾರಣವಾಗಿದ್ದರೆ ಹೊಸ ಜೈಲು ಕಟ್ಟಿದರೆ ಸಾಕಿತ್ತು. ಅದಕ್ಕಿಂತ ಗಟ್ಟಿಯಾದ ವಾದ ಅಲ್ಪಾವಧಿಯ ಸೆರೆವಾಸದ ಪರಿಣಾಮಕ್ಕೆ ಸಂಬಂಧಿಸಿದ್ದು. ಮೂರು ತಿಂಗಳು ಒಳಗಿದ್ದವನು ಕೆಲಸ ಕಳೆದುಕೊಳ್ಳುತ್ತಾನೆ. ಬಾಡಿಗೆ ಕಟ್ಟಲಾಗದೆ ಮನೆ ಕೈಬಿಡುತ್ತದೆ. ಮಕ್ಕಳಿಂದ ದೂರವಾಗುತ್ತಾನೆ. ಕುಡಿತ ಬಿಡಿಸುವುದಕ್ಕಾಗಲಿ, ಒಂದು ಕಸುಬು ಕಲಿಸುವುದಕ್ಕಾಗಲಿ ಮೂರು ತಿಂಗಳು ಸಾಲದು. ಬದುಕಿನ ಬೇರು ಕಿತ್ತುಹಾಕಲು ಮಾತ್ರ ಅಷ್ಟು ಧಾರಾಳವಾಗಿ ಸಾಕು.

ಬ್ರಿಟನ್ನಿನ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಳೆಯಲು ಯತ್ನಿಸಿತು. ಒಂದೇ ಬಗೆಯ ಹಿನ್ನೆಲೆಯ ಅಪರಾಧಿಗಳನ್ನು ಹೋಲಿಸಿದಾಗ, ಒಂದು ವರ್ಷದೊಳಗಿನ ಜೈಲು ಶಿಕ್ಷೆ ಅನುಭವಿಸಿದವರಲ್ಲಿ ಮರು ಅಪರಾಧದ ಪ್ರಮಾಣ, ಹೊರಗೇ ಶಿಕ್ಷೆ ಅನುಭವಿಸಿದವರಿಗಿಂತ 4 ಶೇಕಡಾ ಅಂಶ ಹೆಚ್ಚಿತ್ತು. 2021ರಲ್ಲಿ ಅಪರಾಧ ವಿಜ್ಞಾನಿಗಳು 116 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ, ಸೆರೆವಾಸದಿಂದ ಮರು ಅಪರಾಧ ಕಡಿಮೆಯಾಗುವುದಿಲ್ಲ, ಅಲ್ಪಸ್ವಲ್ಪ ಹೆಚ್ಚಾಗಲೂಬಹುದು ಎಂದೇ ಕಂಡುಬಂತು. ವ್ಯತ್ಯಾಸ ದೊಡ್ಡದಲ್ಲ ಎನ್ನುವುದನ್ನೂ ಹೇಳಬೇಕು. ಹೊರಗಿನ ಶಿಕ್ಷೆ ಪವಾಡ ಮಾಡುತ್ತದೆ ಎಂದು ಈ ಅಂಕಿಗಳು ಹೇಳುವುದಿಲ್ಲ. ಸಣ್ಣ ಅಪರಾಧಿಯನ್ನು ಅಲ್ಪಕಾಲ ಒಳಗೆ ಹಾಕಿ ಸಮಾಜ ಗಳಿಸುವುದು ಬಹಳ ಕಡಿಮೆ ಎಂದಷ್ಟೇ ಹೇಳುತ್ತವೆ.

ವಿರೋಧದ ಎರಡು ಧ್ವನಿಗಳು

ಮೊದಲನೆಯದು ಸಂತ್ರಸ್ತರದ್ದು. ಹೊಡೆದವನು, ಬೆದರಿಸಿದವನು ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದರೆ ನ್ಯಾಯ ಸಿಕ್ಕಿತೆಂದು ನಂಬುವುದು ಹೇಗೆ? ಜೈಲು ಮನುಷ್ಯನನ್ನು ಬದಲಿಸದೆ ಇರಬಹುದು, ಅಷ್ಟು ದಿನವಾದರೂ ಅವನ ಕೈಗೆ ಸಿಗದಂತೆ ಕಾಪಾಡುತ್ತದಲ್ಲ? ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಿ ಈ ಮಾತಿಗೆ ಬಹಳ ತೂಕವಿದೆ.

ಈ ಭಯ ಕಲ್ಪಿತವೂ ಅಲ್ಲ. 2022ರ ಜೂನ್‌ನಲ್ಲಿ ಲಂಡನ್ನಿನಲ್ಲಿ ರಾತ್ರಿ ಮನೆಗೆ ನಡೆದು ಹೋಗುತ್ತಿದ್ದ 35 ವರ್ಷದ ಮಹಿಳೆಯನ್ನು ಕೊಂದವನು ಕೇವಲ ಒಂಬತ್ತು ದಿನ ಮೊದಲು ಜೈಲಿನಿಂದ ಷರತ್ತಿನ ಮೇಲೆ ಹೊರಬಂದಿದ್ದ. ಅವನು ಅಧಿಕಾರಿಗಳ ಭೇಟಿಗಳನ್ನು ತಪ್ಪಿಸಿಕೊಂಡಿದ್ದ. ಅವನನ್ನು ಮರಳಿ ಜೈಲಿಗೆ ಕರೆಸುವ ಪ್ರಕ್ರಿಯೆ ತಡವಾಯಿತು. ಅವನದು ಹೆಚ್ಚಿನ ಅಪಾಯದ ಪ್ರಕರಣ ಎಂದು ದಾಖಲಾಗಬೇಕಿತ್ತು, ಮಧ್ಯಮ ಅಪಾಯದ್ದೆಂದು ದಾಖಲಾಗಿತ್ತು ಎಂಬುದನ್ನು ಪರಿವೀಕ್ಷಣಾ ಸೇವೆಯ ತಪಾಸಣಾ ಸಂಸ್ಥೆ ನಂತರ ಪತ್ತೆಹಚ್ಚಿತು. ಆ ಕುಟುಂಬದ ಮುಂದೆ ನಿಂತು ಮರು ಅಪರಾಧದ ಶೇಕಡಾವಾರು ಲೆಕ್ಕ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಎರಡನೆಯ ಧ್ವನಿ ತದ್ವಿರುದ್ಧ ದಿಕ್ಕಿನಿಂದ ಬರುತ್ತದೆ. ಜೈಲಿಗೆ ಬದಲಿ ಎಂದು ತಂದದ್ದು ಜೈಲಿನ ಜೊತೆಗೆ ಇನ್ನೊಂದಾಗಿ ಬೆಳೆಯುತ್ತದೆ ಎಂಬುದು ಇವರ ಆಕ್ಷೇಪ. ನ್ಯಾಯಾಧೀಶರ ಕೈಗೆ ಹೊಸ ಶಿಕ್ಷೆಯೊಂದು ಬಂದಾಗ, ಜೈಲಿಗೆ ಹೋಗಬೇಕಿದ್ದವನಿಗಿಂತ, ಹಿಂದೆ ದಂಡ ಕಟ್ಟಿ ಅಥವಾ ಎಚ್ಚರಿಕೆ ಪಡೆದು ಮನೆಗೆ ಹೋಗುತ್ತಿದ್ದವನಿಗೆ ಅದನ್ನು ವಿಧಿಸುವುದು ಸುಲಭ. ಆಗ ಜೈಲು ಖಾಲಿಯಾಗುವುದಿಲ್ಲ, ನಿಗಾದಲ್ಲಿರುವವರ ಸಂಖ್ಯೆ ಮಾತ್ರ ಬೆಳೆಯುತ್ತದೆ. ಯುರೋಪಿನಲ್ಲಿ 1990ರಿಂದ 2010ರವರೆಗೆ ಹೊರಗಿನ ಶಿಕ್ಷೆಗಳು ಹೆಚ್ಚಿದವು, ಒಟ್ಟಾರೆ ಕೈದಿಗಳ ಸಂಖ್ಯೆಯೂ ಹೆಚ್ಚಿತು. ಅಮೆರಿಕದಲ್ಲಿ 2022ರ ಅಂತ್ಯಕ್ಕೆ ಪ್ರೊಬೇಷನ್ ಅಥವಾ ಪೆರೋಲ್ ಮೇಲಿದ್ದವರು ಸುಮಾರು 37 ಲಕ್ಷ. ಇದು ಆ ದೇಶದ ಎಲ್ಲ ಜೈಲುಗಳಲ್ಲಿದ್ದವರ ಹೆಚ್ಚುಕಡಿಮೆ ಎರಡರಷ್ಟು.

ಷರತ್ತುಗಳ ಬಲೆ

ಇಡೀ ಚರ್ಚೆಯ ತಿರುಳು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಪರಿವೀಕ್ಷಣೆಯಲ್ಲಿರುವವನ ಮೇಲೆ ಏನೆಲ್ಲ ಷರತ್ತುಗಳಿರಬಹುದು? ನಿಗದಿತ ದಿನ, ನಿಗದಿತ ಗಂಟೆಗೆ ಅಧಿಕಾರಿಯ ಮುಂದೆ ಹಾಜರಾಗಬೇಕು. ಅನುಮತಿಯಿಲ್ಲದೆ ಮನೆ ಬದಲಿಸಬಾರದು, ಊರು ಬಿಡಬಾರದು. ರಾತ್ರಿ ಇಂತಿಷ್ಟು ಹೊತ್ತಿನ ಮೇಲೆ ಹೊರಗಿರಬಾರದು. ಮಾದಕ ವಸ್ತು ಸೇವಿಸಿಲ್ಲವೆಂದು ಮೂತ್ರ ಪರೀಕ್ಷೆಗೆ ಒಳಗಾಗಬೇಕು. ಕೆಲಸದಲ್ಲಿರಬೇಕು. ಕೆಲವೆಡೆ ಮೇಲ್ವಿಚಾರಣೆಯ ಶುಲ್ಕವನ್ನೂ ಅವನೇ ಕಟ್ಟಬೇಕು.

ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಅತಿ ಎನಿಸುವುದಿಲ್ಲ. ಒಟ್ಟಿಗೆ ಸೇರಿದಾಗ ಒಂದಕ್ಕೊಂದು ಅಡ್ಡ ಬರುತ್ತವೆ. ದಿನಗೂಲಿಗೆ ಹೋಗುವವನಿಗೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹಾಜರಾಗಲು ಹೇಳಿದರೆ, ಅವನು ಆ ದಿನದ ಕೂಲಿ ಬಿಡಬೇಕು. ಹೀಗೆ ನಾಲ್ಕು ಬಾರಿಯಾದರೆ ಮೇಸ್ತ್ರಿ ಬೇರೆಯವನನ್ನು ಕರೆದುಕೊಳ್ಳುತ್ತಾನೆ. ಕೆಲಸ ಹೋದರೆ ಕೆಲಸದಲ್ಲಿರಬೇಕೆಂಬ ಷರತ್ತು ಮುರಿದಂತೆ. ಕೂಲಿಗೇ ಹೋದರೆ ಹಾಜರಾತಿಯ ಷರತ್ತು ಮುರಿದಂತೆ. ಇದರಲ್ಲಿ ಯಾವುದೂ ಹೊಸ ಅಪರಾಧವಲ್ಲ. ಆದರೂ ಎರಡೂ ದಾರಿ ಜೈಲಿನ ಬಾಗಿಲಿಗೆ ಹೋಗಬಹುದು.

ಅಮೆರಿಕದ ಗಾಯಕ ಮೀಕ್ ಮಿಲ್ ಪ್ರಕರಣ ಈ ಕಾರಣಕ್ಕೇ ಸುದ್ದಿಯಾಯಿತು. 2007ರಲ್ಲಿ, 19ನೇ ವಯಸ್ಸಿನಲ್ಲಿ ಬಂಧನಕ್ಕೊಳಗಾದ ಆತ ಹತ್ತು ವರ್ಷಗಳ ನಂತರವೂ ಅದೇ ಪ್ರಕರಣದ ಪ್ರೊಬೇಷನ್‌ನಲ್ಲಿದ್ದರು. 2017ರ ನವೆಂಬರ್‌ನಲ್ಲಿ ಷರತ್ತು ಉಲ್ಲಂಘನೆಗಾಗಿ ಅವರಿಗೆ ಎರಡರಿಂದ ನಾಲ್ಕು ವರ್ಷಗಳ ಸೆರೆವಾಸ ವಿಧಿಸಲಾಯಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಮೂಲ ತೀರ್ಪನ್ನೇ ರದ್ದುಪಡಿಸಿತು. ಅವರಿಗೆ ಹಣವಿತ್ತು, ವಕೀಲರಿದ್ದರು, ಬೀದಿಗಿಳಿದ ಅಭಿಮಾನಿಗಳಿದ್ದರು. ಅದಾವುದೂ ಇಲ್ಲದವರ ಸಂಖ್ಯೆ ದೊಡ್ಡದು. ಅಮೆರಿಕದ ರಾಜ್ಯಗಳ ಜೈಲುಗಳಿಗೆ ಹೊಸದಾಗಿ ಸೇರುವವರಲ್ಲಿ ಶೇ 45ರಷ್ಟು ಮಂದಿ ಪ್ರೊಬೇಷನ್ ಅಥವಾ ಪೆರೋಲ್ ಮುರಿದವರು, ಹೊಸ ಅಪರಾಧವಿಲ್ಲದೆ ಬರೀ ಷರತ್ತು ತಪ್ಪಿದ ತಾಂತ್ರಿಕ ಉಲ್ಲಂಘನೆಗಾಗಿಯೇ ಒಳಗೆ ಹೋದವರು ಶೇ 25ರಷ್ಟು ಎಂದು 2019ರ ವರದಿಯೊಂದು ಲೆಕ್ಕ ಹಾಕಿತ್ತು.

ನಿಗಾ ಬಿಗಿ ಮಾಡಿದರೆ ಅಪರಾಧ ತಗ್ಗೀತು ಎಂಬ ಊಹೆಯನ್ನೂ ಪರೀಕ್ಷೆಗೆ ಒಡ್ಡಲಾಗಿದೆ. ರ‍್ಯಾಂಡ್ ಸಂಶೋಧನಾ ಸಂಸ್ಥೆ ಅಮೆರಿಕದ 14 ಕಡೆ ಅಪರಾಧಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಸಾಮಾನ್ಯ ನಿಗಾ, ಇನ್ನೊಂದಕ್ಕೆ ತೀವ್ರ ನಿಗಾ. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ತೀವ್ರ ನಿಗಾದಲ್ಲಿದ್ದವರು ಹೊಸ ಅಪರಾಧಕ್ಕಾಗಿ ಬಂಧಿತರಾದ ಪ್ರಮಾಣ ಕಡಿಮೆಯಾಗಲಿಲ್ಲ. ಆದರೆ ಷರತ್ತು ಮುರಿದು ಸಿಕ್ಕಿಬಿದ್ದವರು ಶೇ 65. ಸಾಮಾನ್ಯ ನಿಗಾದಲ್ಲಿ ಇದು ಶೇ 38 ಮಾತ್ರ. ಹೆಚ್ಚು ನೋಡಿದಷ್ಟೂ ಹೆಚ್ಚು ತಪ್ಪು ಕಣ್ಣಿಗೆ ಬೀಳುತ್ತದೆ. ಪರಿಣಾಮವಾಗಿ ಜೈಲಿನ ಖರ್ಚು ಉಳಿಸಲು ತಂದ ಕಾರ್ಯಕ್ರಮವೇ ಜೈಲಿಗೆ ಜನರನ್ನು ಕಳುಹಿಸತೊಡಗುತ್ತದೆ. ಎಲೆಕ್ಟ್ರಾನಿಕ್ ಕಾಲುಪಟ್ಟಿಗೂ ಇದೇ ಮಾತು ಅನ್ವಯಿಸುತ್ತದೆ: ಮನುಷ್ಯ ಎಲ್ಲಿದ್ದಾನೆಂದು ಅದು ತಿಳಿಸಬಲ್ಲದು, ಅಲ್ಲೇಕೆ ಹೋದನೆಂದು ವಿಚಾರಿಸಲಾರದು.

ಕೆನಡಾದ ಮನಶ್ಶಾಸ್ತ್ರಜ್ಞರು 1990ರಲ್ಲಿ ಮುಂದಿಟ್ಟ ಸೂತ್ರ ಇದಕ್ಕೊಂದು ದಾರಿ ತೋರಿಸುತ್ತದೆ. ಅಪಾಯ ಹೆಚ್ಚಿರುವವರ ಮೇಲೆ ಶ್ರಮ ಹಾಕಿ. ಅಪರಾಧಕ್ಕೆ ನೇರ ಕಾರಣವಾದ ಸಂಗತಿಯನ್ನೇ, ಅದು ಕುಡಿತವಿರಲಿ, ಸಹವಾಸವಿರಲಿ, ಸರಿಪಡಿಸಿ. ಆ ವ್ಯಕ್ತಿಗೆ ಅರ್ಥವಾಗುವ ರೀತಿಯಲ್ಲಿ ಮಾಡಿ. ಅಪಾಯ ಕಡಿಮೆಯಿರುವವರನ್ನು ಹೆಚ್ಚು ಕೆದಕಿದಷ್ಟೂ ಕೆಡುಕೇ ಹೆಚ್ಚು.

ನೋಡಿಕೊಳ್ಳುವವರು ಯಾರು?

ಇದನ್ನೆಲ್ಲ ಮಾಡಬೇಕಾದ್ದು ಒಬ್ಬ ಅಧಿಕಾರಿ. ಅವರ ಮೇಜಿನ ಮೇಲೆ ಮೂವತ್ತು ಕಡತಗಳಿದ್ದರೆ ಪ್ರತಿಯೊಬ್ಬನ ಮನೆಯ ಸ್ಥಿತಿ ಗೊತ್ತಿರುತ್ತದೆ. ನೂರೈವತ್ತಿದ್ದರೆ ಹೆಸರು ನೆನಪಿಟ್ಟುಕೊಳ್ಳುವುದೇ ಕಷ್ಟ, ಸಹಿ ಹಾಕಿಸಿಕೊಂಡು ಕಳುಹಿಸುವುದಷ್ಟೇ ಉಳಿಯುತ್ತದೆ.

ಇಂಗ್ಲೆಂಡ್ ಇದರ ಬೆಲೆ ತೆತ್ತಿದೆ. 2014ರಲ್ಲಿ ಅಲ್ಲಿನ ಸರ್ಕಾರ ಪರಿವೀಕ್ಷಣಾ ಸೇವೆಯನ್ನು ಇಬ್ಭಾಗ ಮಾಡಿತು. ಹೆಚ್ಚಿನ ಅಪಾಯದವರು ಸರ್ಕಾರಿ ಸೇವೆಗೆ, ಉಳಿದವರು 21 ಗುತ್ತಿಗೆ ಕಂಪನಿಗಳಿಗೆ. ಕೆಲವರ ಮೇಲ್ವಿಚಾರಣೆ ಆರು ವಾರಕ್ಕೊಮ್ಮೆ ಮಾಡುವ ಫೋನ್ ಕರೆಗೆ ಇಳಿದಿರುವುದನ್ನು ತಪಾಸಣಾಧಿಕಾರಿಗಳು 2017ರಲ್ಲಿ ಕಂಡರು. ಈ ಮಾದರಿ ಸರಿಪಡಿಸಲಾಗದಷ್ಟು ದೋಷಪೂರಿತ ಎಂದು ಮುಖ್ಯ ತಪಾಸಣಾಧಿಕಾರಿ 2019ರಲ್ಲಿ ಹೇಳಿದರು. 2021ರ ಜೂನ್‌ನಲ್ಲಿ ಇಡೀ ಸೇವೆ ಮತ್ತೆ ಸರ್ಕಾರದ ಕೈಗೆ ಬಂತು, ಆದರೆ ಅಷ್ಟರಲ್ಲಿ ಅನುಭವಿಗಳು ಅನೇಕರು ಕೆಲಸ ಬಿಟ್ಟಿದ್ದರು. 2014ರ ಅದೇ ಸುಧಾರಣೆಯ ಭಾಗವಾಗಿ, ಹಿಂದೆ ಜೈಲಿನಿಂದ ನೇರ ಮನೆಗೆ ಹೋಗುತ್ತಿದ್ದ ಅಲ್ಪಾವಧಿ ಕೈದಿಗಳನ್ನೂ ಒಂದು ವರ್ಷ ನಿಗಾಕ್ಕೆ ಒಳಪಡಿಸಲಾಯಿತು. ಷರತ್ತು ಮುರಿದು ಮರಳಿ ಜೈಲು ಸೇರಿದವರ ಸಂಖ್ಯೆ ಬೆಳೆಯುತ್ತ ಹೋಗಿ, 2025ರ ವೇಳೆಗೆ 13 ಸಾವಿರ ದಾಟಿತು. 2025ರ ಮಸೂದೆ ಇದೇ ದಣಿದ ಸೇವೆಯ ಹೆಗಲಿಗೆ ಇನ್ನಷ್ಟು ಮಂದಿಯನ್ನು ಏರಿಸುತ್ತದೆ. 2028-29ರ ವೇಳೆಗೆ 70 ಕೋಟಿ ಪೌಂಡ್‌ವರೆಗೆ ಹೆಚ್ಚುವರಿ ಅನುದಾನದ ಭರವಸೆ ಸಿಕ್ಕಿದೆ. ಹಣ ಮಂಜೂರಾದ ಮರುದಿನವೇ ನುರಿತ ಅಧಿಕಾರಿ ಸಿದ್ಧರಾಗುವುದಿಲ್ಲ ಎನ್ನುವುದು ಚಿಂತೆಯ ವಿಷಯ.

ಜಪಾನಿನದು ಬೇರೆಯೇ ದಾರಿ. ಅಲ್ಲಿ ಸುಮಾರು 47 ಸಾವಿರ ಸ್ವಯಂಸೇವಕರು ಈ ಹೊಣೆ ಹೊತ್ತಿದ್ದಾರೆ. ಹಲವರು ಅಪರಾಧಿಯನ್ನು ತಮ್ಮ ಮನೆಗೇ ಕರೆದು ಮಾತನಾಡಿಸುತ್ತಾರೆ. ಕಚೇರಿಯ ಮೇಜಿನ ಆಚೆ ಸಿಗದ ವಿಶ್ವಾಸ ಅಲ್ಲಿ ಹುಟ್ಟುತ್ತದೆ. ಆದರೆ 2024ರ ಮೇ ತಿಂಗಳಲ್ಲಿ ಶಿಗಾ ಪ್ರಾಂತದಲ್ಲಿ ಅಂಥ ಸ್ವಯಂಸೇವಕರೊಬ್ಬರು ತಮ್ಮ ಮನೆಯಲ್ಲೇ ಕೊಲೆಯಾದರು, ಅವರ ನಿಗಾದಲ್ಲಿದ್ದವನನ್ನೇ ಬಂಧಿಸಲಾಯಿತು. ವಯಸ್ಸಾದ ಸ್ವಯಂಸೇವಕರ ಜಾಗಕ್ಕೆ ಹೊಸಬರು ಸಿಗದಿರುವ ಹೊತ್ತಿನಲ್ಲಿ ನಡೆದ ಈ ಘಟನೆ ಇಡೀ ವ್ಯವಸ್ಥೆಯನ್ನು ಅಲುಗಿಸಿತು.

ಫಿನ್ಲೆಂಡಿನ ಎರಡು ಹಂತ

ಬದಲಿ ಶಿಕ್ಷೆ ನಿಜಕ್ಕೂ ಜೈಲಿನ ಬದಲಿಗೇ ಬರುವಂತೆ ಮಾಡುವುದು ಸಾಧ್ಯ. ಫಿನ್ಲೆಂಡ್ 1990ರ ದಶಕದ ಆರಂಭದಲ್ಲಿ ಸಮುದಾಯ ಸೇವೆ ತಂದಾಗ ನ್ಯಾಯಾಲಯಕ್ಕೆ ಒಂದು ಕಟ್ಟುಪಾಡು ಹಾಕಿತು. ನ್ಯಾಯಾಧೀಶರು ಸಮುದಾಯ ಸೇವೆಯ ಯೋಚನೆಯನ್ನೇ ಬದಿಗಿಟ್ಟು, ಈ ಅಪರಾಧಕ್ಕೆ ಎಷ್ಟು ದಿನದ ಜೈಲು ಎಂಬುದನ್ನು ಮೊದಲು ನಿರ್ಧರಿಸಬೇಕು. ಆ ಅವಧಿ ಎಂಟು ತಿಂಗಳನ್ನು ಮೀರದಿದ್ದರೆ ಮಾತ್ರ, ಒಂದು ದಿನದ ಜೈಲಿಗೆ ಒಂದು ಗಂಟೆಯ ಕೆಲಸದ ಲೆಕ್ಕದಲ್ಲಿ ಅದನ್ನು ಪರಿವರ್ತಿಸಬಹುದು. ಜೈಲಿಗೆ ಹೋಗಬೇಕಿಲ್ಲದವನು ಇದರೊಳಗೆ ಬರಲು ದಾರಿಯೇ ಇಲ್ಲ. ಎರಡನೆಯ ಧ್ವನಿಯ ಆಕ್ಷೇಪಕ್ಕೆ ನನಗೆ ಕಂಡಂತೆ ಇದಕ್ಕಿಂತ ಸರಳವಾದ ಉತ್ತರ ಇನ್ನೊಂದಿಲ್ಲ.

ಭಾರತದ ಕಾನೂನು ಎಲ್ಲಿ ನಿಲ್ಲುತ್ತದೆ?

ನ್ಯಾಯ ಸಂಹಿತೆ ಸಮುದಾಯ ಸೇವೆಯನ್ನು ಆರು ಅಪರಾಧಗಳಿಗೆ ಸೀಮಿತಗೊಳಿಸಿದೆ. ಕುಡಿದು ಸಾರ್ವಜನಿಕವಾಗಿ ದುರ್ವರ್ತನೆ, ಮಾನಹಾನಿ, ಸರ್ಕಾರಿ ನೌಕರ ಅಕ್ರಮವಾಗಿ ವ್ಯಾಪಾರ ನಡೆಸುವುದು, ಘೋಷಣೆ ಹೊರಡಿಸಿದರೂ ನ್ಯಾಯಾಲಯಕ್ಕೆ ಹಾಜರಾಗದಿರುವುದು, ಸರ್ಕಾರಿ ನೌಕರನ ಕರ್ತವ್ಯಕ್ಕೆ ಒತ್ತಡ ತರಲು ಆತ್ಮಹತ್ಯೆಗೆ ಯತ್ನ, ಮತ್ತು 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಮೊದಲ ಕಳವು. ಕಳವಿನ ಪ್ರಕರಣದಲ್ಲಿ ಮಾಲನ್ನು ಅಥವಾ ಅದರ ಮೌಲ್ಯವನ್ನು ಹಿಂತಿರುಗಿಸಿರಬೇಕು. ಎಷ್ಟು ಗಂಟೆ, ಎಂಥ ಕೆಲಸ, ಹಾಜರಿ ಹಾಕುವವರು ಯಾರು ಎಂಬುದನ್ನು ಸಂಹಿತೆ ಹೇಳುವುದಿಲ್ಲ.

ಇಷ್ಟರಿಂದ ಜೈಲುಗಳ ಭಾರ ಇಳಿಯುತ್ತದೆಯೇ? ಇಲ್ಲ. 2022ರ ಅಂತ್ಯಕ್ಕೆ ಭಾರತದ ಕೈದಿಗಳಲ್ಲಿ ಶೇ 75.8ರಷ್ಟು ಮಂದಿ ವಿಚಾರಣಾಧೀನರು. ಅವರಿಗೆ ಶಿಕ್ಷೆಯೇ ಆಗಿಲ್ಲ, ಆದ್ದರಿಂದ ಬದಲಿ ಶಿಕ್ಷೆ ಅವರನ್ನು ಮುಟ್ಟುವುದೂ ಇಲ್ಲ. ಅವರ ಬಿಡುಗಡೆ ಜಾಮೀನಿಗೆ ಮತ್ತು ವಿಚಾರಣೆಯ ವೇಗಕ್ಕೆ ಸಂಬಂಧಿಸಿದ ವಿಷಯ.

ಇನ್ನು ನಿಜವಾದ ಪರಿವೀಕ್ಷಣೆಗೆ ಬೇಕಾದ ಕಾನೂನು 1958ರಿಂದಲೂ ನಮ್ಮಲ್ಲಿದೆ. ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಸನ್ನಡತೆಯ ಮುಚ್ಚಳಿಕೆಯ ಮೇಲೆ ಗರಿಷ್ಠ ಮೂರು ವರ್ಷ ಹೊರಗಿರಿಸಬಹುದು. 21 ವರ್ಷದೊಳಗಿನವರನ್ನು ಜೈಲಿಗೆ ಕಳುಹಿಸುವ ಮುನ್ನ ಪರಿವೀಕ್ಷಣಾಧಿಕಾರಿಯ ವರದಿ ತರಿಸಿಕೊಳ್ಳಬೇಕು, ಕಳುಹಿಸುವುದೇ ಆದರೆ ಕಾರಣ ದಾಖಲಿಸಬೇಕು. ಷರತ್ತು ಮೊದಲ ಬಾರಿ ಮುರಿದವನಿಗೆ ಏನು ಮಾಡಬಹುದು ಎಂಬುದಕ್ಕೂ ಆ ಕಾಯ್ದೆಯಲ್ಲಿ ಉತ್ತರವಿದೆ: ಮುಚ್ಚಳಿಕೆಯನ್ನು ಮುಂದುವರಿಸಿಯೇ, ಐವತ್ತು ರೂಪಾಯಿ ಮೀರದ ದಂಡ. ಇಂದಿನ ಮೌಲ್ಯದಲ್ಲಿ ಆ ಮೊತ್ತ ಏನೂ ಅಲ್ಲ. ಆದರೆ ಒಂದು ಭೇಟಿ ತಪ್ಪಿಸಿದ್ದಕ್ಕೂ ಮತ್ತೊಮ್ಮೆ ಕದ್ದದ್ದಕ್ಕೂ ಒಂದೇ ಉತ್ತರ ಕೊಡಬಾರದು ಎಂಬ ವಿವೇಕ ಅದರಲ್ಲಿದೆ. ಮೀಕ್ ಮಿಲ್ ಪ್ರಕರಣದಲ್ಲಿ ಕಾಣದೆ ಹೋದದ್ದು ಅದೇ.

ಮುಂದೆ ಏನಾಗಬಹುದು?

ಬ್ರಿಟನ್ನಿನಲ್ಲಿ ಮೊದಲ ಒಂದೆರಡು ವರ್ಷ ಜೈಲುಗಳ ಒತ್ತಡ ಇಳಿಯುವ ಸಾಧ್ಯತೆ ಹೆಚ್ಚು. ನಂತರದ್ದು ಅಧಿಕಾರಿಗಳ ನೇಮಕದ ಮೇಲೆ ನಿಂತಿದೆ. ಅವರ ಕೊರತೆ ಮುಂದುವರಿದರೆ ಅಮಾನತಿನಲ್ಲಿಟ್ಟ ಶಿಕ್ಷೆಗಳು ಒಂದೊಂದಾಗಿ ಜಾರಿಯಾಗಿ, ಅದೇ ಜನ ಕೆಲವು ತಿಂಗಳು ತಡವಾಗಿ ಅದೇ ಜೈಲಿಗೆ ಬಂದಾರು. ಅಥವಾ ಉಲ್ಲಂಘನೆಗಳನ್ನು ಯಾರೂ ಗಮನಿಸದೆ, 2022ರ ಲಂಡನ್ ಘಟನೆಯಂಥದ್ದು ಮರುಕಳಿಸಿ, ಜನರ ನಂಬಿಕೆ ಕುಸಿದು, ಕಾನೂನೇ ಹಿಂದಕ್ಕೆ ಹೋದೀತು. ಒಂದೇ ಕೊರತೆಯಿಂದ ಹುಟ್ಟುವ ಎರಡು ಪರಿಣಾಮಗಳಿವು.

ಭಾರತದಲ್ಲಿ ಆರು ಅಪರಾಧಗಳ ಪಟ್ಟಿ ಮುಂದೆ ಬೆಳೆಯಬಹುದು. ಬೆಳೆಯುವ ಮುನ್ನ ಪ್ರತಿ ಜಿಲ್ಲೆಯಲ್ಲೂ ಎಷ್ಟು ಪರಿವೀಕ್ಷಣಾಧಿಕಾರಿ ಹುದ್ದೆಗಳಿವೆ, ಅವುಗಳಲ್ಲಿ ಎಷ್ಟು ಭರ್ತಿಯಾಗಿವೆ, ಒಬ್ಬೊಬ್ಬರ ಬಳಿ ಎಷ್ಟು ಪ್ರಕರಣಗಳಿವೆ ಎಂಬ ಲೆಕ್ಕವನ್ನು ಸರ್ಕಾರಗಳು ಪ್ರತಿವರ್ಷ ಸಾರ್ವಜನಿಕರ ಮುಂದಿಡಬೇಕು. ಯಾರಿಗೆ ಈ ಶಿಕ್ಷೆ ಸಿಕ್ಕಿತು, ಅವರಿಗೆ ಹಿಂದಿನ ಕಾನೂನಿನಲ್ಲಿ ಜೈಲಾಗುತ್ತಿತ್ತೇ ಅಥವಾ ದಂಡವಷ್ಟೇ ಆಗುತ್ತಿತ್ತೇ ಎಂಬುದನ್ನೂ ಅದರ ಜೊತೆಗೇ ದಾಖಲಿಸಬೇಕು.